ಕೆಂಪು ಜೆರ್ಸಿಯ ಬಿಳಿ ನಂಬರ್ ಗುಲಾಬಿಯಾಗಿದ್ದಕ್ಕೆ

ಕೆಂಪು ಪಾಲಿಯೆಸ್ಟರ್ ಜೆರ್ಸಿಗೆ ಒತ್ತಿಸಿದ ಬಿಳಿ ನಂಬರ್ ಗುಲಾಬಿಯಾಗಿದ್ದು ಯಾಕೆ ಅಂತ ಕೇಳಿದ್ದಿರಿ. ತಪ್ಪು ವಿನೈಲಿನದಲ್ಲ (ನಂಬರಾಗಿ ಕತ್ತರಿಸಿ ಶಾಖದಿಂದ ಅಂಟಿಸುವ ಪ್ಲಾಸ್ಟಿಕ್ ಹಾಳೆ), ಬಟ್ಟೆಯ ಬಣ್ಣದ್ದು ಇರಬೇಕು. ಪಾಲಿಯೆಸ್ಟರಿಗೆ ಹಾಕುವ ಡಿಸ್ಪರ್ಸ್ ಡೈ ಎಂಬ ಬಣ್ಣ ಹೆಚ್ಚು ಶಾಖಕ್ಕೆ ಆವಿಯಾಗಿ ಬಿಳಿ ನಂಬರಿಗೆ ಏರುತ್ತದೆ. ಅದಕ್ಕೇ ಬಿಸಿ ಪ್ಲೇಟಿನಿಂದ ಒತ್ತುವ ಪ್ರೆಸ್ಸಿನಿಂದ ತೆಗೆದಾಗ ಅಚ್ಚ ಬಿಳಿ, ಎರಡು ಮೂರು ದಿನಕ್ಕೆ ಗುಲಾಬಿ. ನಂಬರ್ ಒತ್ತಿದ ನಿಮ್ಮ ಡೊಂಬಿವಲಿಯ ಪ್ರಿಂಟಿಂಗಿನವರು ಕಾಟನ್ ಟೀಶರ್ಟಿನ ಲೆಕ್ಕದಲ್ಲೇ 160 ಡಿಗ್ರಿ ಇಟ್ಟಿದ್ದರಾ, ಮೊದಲು ಕೇಳಿ.

ಗುಲಾಬಿಯಾದವು ಮತ್ತೆ ಬಿಳಿಯಾಗವು. ಕ್ಲಬ್ಬಿನ ಹೆಸರಲ್ಲಿ ಮಾರಬೇಡಿ, ಪ್ರಾಕ್ಟೀಸಿಗೆ ಕೊಡಿ. ಉಳಿದವಕ್ಕೆ ಡೈ ತಡೆಯುವ ಪದರವಿರುವ, ಕಡಿಮೆ ಶಾಖದ ವಿನೈಲ್ ತರಿಸಿ. ಸಾಮಾನ್ಯವಾಗಿ 130ರ ಆಸುಪಾಸು, 10–15 ಸೆಕೆಂಡ್ ಸಾಕು. ಕೊನೆಗೆ ರೋಲಿನ ಜೊತೆ ಬಂದ ಚೀಟಿಯೇ ಪ್ರಮಾಣ. ಹಳೆ ಪ್ರೆಸ್ಸಿನ ಡಯಲ್ ನಂಬಬೇಡಿ, ಪ್ಲೇಟಿನ ಶಾಖ ಬೇರೆಯಾಗಿ ಅಳೆಸಿ. ಬಿಸಿಯಿರುವಾಗ ಮಡಚಿ ಪ್ಲಾಸ್ಟಿಕ್ ಕವರಿಗೆ ತುಂಬಿದರೆ ಇದೇ ಕತೆ ಮತ್ತೆ. ಒಂದು ಜೆರ್ಸಿಗೆ ಒತ್ತಿ, ಮಡಚಿ, ಮೂರು ದಿನ ಬಿಟ್ಟು ನೋಡಿ, ಆಮೇಲೆ ಉಳಿದದ್ದು.

ಮುಂದಿನ ಬ್ಯಾಚಿಗೆ ಬಿಳಿ ಬಟ್ಟೆ ತಗೊಂಡು, ಹೊಲಿಯುವ ಮೊದಲೇ ಸಬ್ಲಿಮೇಷನ್ನಿನಲ್ಲಿ (ಶಾಖದಿಂದ ಬಣ್ಣವನ್ನು ಬಟ್ಟೆಯೊಳಗೇ ಇಳಿಸುವ ಮುದ್ರಣ) ಕೆಂಪು ಹಾಕಿಸಿ, ನಂಬರಿನ ಜಾಗ ಖಾಲಿ ಬಿಡಿಸಿ. ಆವಿಯಾಗಿ ಏಳುವುದಕ್ಕೆ ಅಲ್ಲಿ ಬಣ್ಣವೇ ಇರದು. ನಂಬರ್ ಪಟ್ಟಿ ಮಾತ್ರ ಮುಂಚೆಯೇ ಪಕ್ಕಾ ಆಗಿರಬೇಕು.

ಲೇಬಲ್ಲಿನಲ್ಲಿ ಟ್ರೇಡ್‌ಮಾರ್ಕ್ ಗುರುತು ಹಾಕುವ ಬಗ್ಗೆಯೂ ಕೇಳಿದ್ದಿರಿ: ಉಡುಪಿಗೆ ಟ್ರೇಡ್‌ಮಾರ್ಕಿನ 25ನೇ ವರ್ಗ. ನೋಂದಣಿ ಆಗುವವರೆಗೆ ಟಿಎಂ ಅಷ್ಟೇ ಹಾಕಿ. ವೃತ್ತದೊಳಗಿನ ಆರ್ (®) ಅಂದರೆ ನೋಂದಣಿಯಾಗಿದೆ ಎಂದರ್ಥ, ಅದಕ್ಕೂ ಮೊದಲೇ ಹಾಕಿದರೆ ಕಾನೂನಿಗೆ ವಿರುದ್ಧ, ದಂಡ ಬೀಳಬಹುದು.