ಗಡಿ ಕಾಯುವವನ ಬಿರುದು

ಚಿತ್ರದುರ್ಗದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯ ಮೈಸೂರು ಯುದ್ಧಗಳ ಲೇಖನದಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಒಂದು ಕಡೆ ಅರ್ಲ್, ಇನ್ನೊಂದು ಕಡೆ ಮಾರ್ಕ್ವೆಸ್. ಯಾವುದು ಸರಿ? ಈ ಬಿರುದುಗಳ ಗೋಜಲು ನಮಗ್ಯಾಕೆ? ಸುಮ್ನೆ ಲಾರ್ಡ್ ಅಂತ ಬರೆದರೆ ಸಾಲದೇ?"

ಉತ್ತರ: ಎರಡೂ ಸರಿ. 1792ಕ್ಕೆ ಮೊದಲು ಅರ್ಲ್, ಆ ವರ್ಷ ಮಾರ್ಕ್ವೆಸ್ ಆದ. ಲಾರ್ಡ್ ಅಂದರೂ ತಪ್ಪಿಲ್ಲ, ಇಂಗ್ಲೆಂಡಿನವರೂ ಮಾತಿನಲ್ಲಿ ಹಾಗೇ ಅನ್ನುತ್ತಾರೆ. ಆದರೆ "ನಮಗ್ಯಾಕೆ" ಅಂದಿರಲ್ಲ, ಅದನ್ನು ಮಾತ್ರ ನಾನು ಒಪ್ಪಲಾರೆ.

ಬಿರುದು ಅನ್ನುವುದು ಮೊದಲು ಒಂದು ಕೆಲಸದ ಹೆಸರು. ಮಾರ್ಕ್ವೆಸ್ ಬಂದಿದ್ದು ಮಾರ್ಕ್ ಅನ್ನುವ ಹಳೆಯ ಜರ್ಮನ್ ಪದದಿಂದ, ಮಾರ್ಕ್ ಅಂದರೆ ಗಡಿ. ಫ್ರೆಂಚರ ಬಾಯಲ್ಲಿ ಅದು ಮಾರ್ಚ್ ಆಯಿತು. ಪಶ್ಚಿಮ ಯುರೋಪನ್ನು ಆಳಿದ ಶಾರ್ಲ್‌ಮಾನ್ ದೊರೆಯ ಕಾಲದಲ್ಲಿ, ಅಂದರೆ 800ರ ಆಸುಪಾಸಿನಲ್ಲಿ, ಶತ್ರುವಿನ ಮಗ್ಗುಲಲ್ಲೇ ಇರುವ ಸೀಮೆಯನ್ನು ಕಾಯುವವನಿಗೆ ಒಳನಾಡಿನ ಅಧಿಕಾರಿಗಿಂತ ಜಾಸ್ತಿ ದಂಡು ಬೇಕಿತ್ತು, ಜಾಸ್ತಿ ಅಧಿಕಾರವೂ ಬೇಕಿತ್ತು. ಮಾರ್ಕ್ವೆಸ್ ಇವತ್ತಿಗೂ ಅರ್ಲ್‌ಗಿಂತ ಒಂದು ಮೆಟ್ಟಿಲು ಮೇಲಿರುವುದರ ಬೇರು ಅಲ್ಲಿದೆ. ಅವನ ಮೇಲೆ ಡ್ಯೂಕ್ ಒಬ್ಬನೇ.

ಇಂಗ್ಲೆಂಡಿಗೆ ಈ ಬಿರುದು ಬಂದಿದ್ದು ತಡವಾಗಿ. 1385ರಲ್ಲಿ ಎರಡನೇ ರಿಚರ್ಡ್ ತನ್ನ ಗೆಳೆಯ ರಾಬರ್ಟ್ ಡಿ ವೇರ್‌ನನ್ನು ಡಬ್ಲಿನ್ನಿನ ಮಾರ್ಕ್ವೆಸ್ ಮಾಡಿದ. ಹಳೆಯ ಅರ್ಲ್‌ಗಳಿಗೆ ಹೊಟ್ಟೆ ಉರಿಯಿತು. 1402ರಲ್ಲಂತೂ ಜಾನ್ ಬೋಫರ್ಟ್ ಅನ್ನುವ ಅರ್ಲ್‌ಗೆ, ಅವನು ಕಳೆದುಕೊಂಡ ಈ ಬಿರುದನ್ನು ವಾಪಸ್ ಕೊಡಿ ಅಂತ ಪಾರ್ಲಿಮೆಂಟಿನಲ್ಲಿ ಕೇಳಿದರೆ, ಆತನೇ ಬೇಡ ಅಂದ! ಈ ರಾಜ್ಯಕ್ಕೆ ಇದು ಪರಕೀಯ ಹೆಸರು ಅನ್ನುವುದು ಅವನ ಕಾರಣ. ಬೇಡ ಅನ್ನುವುದಕ್ಕೂ ಪದದ ಅರ್ಥ ಗೊತ್ತಿರಬೇಕು, ಅಲ್ವಾ?

ಈಗ ನಮ್ಮ ಕಡೆಗೆ ಬನ್ನಿ. 1792ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಎಳೆಯ ಮಕ್ಕಳು, ಇಷ್ಟು ಪಡೆದುಕೊಂಡು ಹೋದವನಿಗೆ ಸಿಕ್ಕಿದ ಬಿರುದಿನ ಅರ್ಥ ಗಡಿ ಕಾಯುವವನು! ಬೇರೆಯವರ ಗಡಿ ಮುರಿದವನಿಗೆ. ಬರೀ ಲಾರ್ಡ್ ಅಂತ ಬರೆದರೆ ಈ ನೋವು ಓದುಗರಿಗೆ ತಟ್ಟುವುದು ಹೇಗೆ ಹೇಳಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಆಗಿನ ಗವರ್ನರ್ ಜನರಲ್ ವೆಲ್ಲೆಸ್ಲಿಯೂ ಮಾರ್ಕ್ವೆಸ್ ಆದ. ಆದರೆ ಅದು ಐರ್ಲೆಂಡಿನ ಬಿರುದು, ಬ್ರಿಟನ್ನಿನದಕ್ಕಿಂತ ಕಡಿಮೆ ಅಂತ ಲೆಕ್ಕ. ಐರ್ಲೆಂಡಿನವರ ಊಟ ಆಲೂಗಡ್ಡೆ ಅಂತ ಹಂಗಿಸಿ, ಎರಡೆರಡು ಸಲ ಚಿನ್ನದ ನೀರು ಹಾಯಿಸಿದ ಆಲೂಗಡ್ಡೆ ಕೊಟ್ಟರು ಅಂತ ಅವನು ಸಿಟ್ಟಾದ. ನಮ್ಮ ಊರು ಹೋಯಿತು, ಅವನಿಗೆ ಅದೂ ಸಾಲಲಿಲ್ಲ. ಕೋಟೆ ಹಿಡಿದ ಸೇನಾಪತಿ ಹ್ಯಾರಿಸ್ 1815ರಲ್ಲಿ ಬ್ಯಾರನ್ ಆದ. ಆ ಬಿರುದಿನ ಒಳಗೆ ಶ್ರೀರಂಗಪಟ್ಟಣ ಮತ್ತು ಮೈಸೂರು ಅಂತ ನಮ್ಮ ಎರಡು ಊರುಗಳ ಹೆಸರೇ ಇದೆ. ಇದನ್ನು ನಮ್ಮ ಮಕ್ಕಳಿಗೆ ಯಾರು ಹೇಳಿಕೊಡುತ್ತಾರೆ?

ನೀವು ಚಿತ್ರದುರ್ಗದವರು, ಅದಕ್ಕೇ ಸಲಿಗೆಯಿಂದ ಇನ್ನೊಂದು ಮಾತು. ಪಾಳೆಯಗಾರ ಅನ್ನುವ ಪದವನ್ನು ನಾವು ಏನು ಮಾಡಿದ್ದೇವೆ ನೋಡಿ. ಪಾಳೆಯ ಅಂದರೆ ದಂಡಿನ ಬೀಡು. ದಂಡು ಸಾಕಿ, ಸೀಮೆ ಕಾದು, ಯುದ್ಧ ಬಂದಾಗ ದೊರೆಯ ಕಡೆ ನಿಲ್ಲಬೇಕಾದವನು ಪಾಳೆಯಗಾರ. ಕೆಲಸದ ಲೆಕ್ಕದಲ್ಲಿ ಮಾರ್ಕ್ವೆಸ್‌ಗೆ ಇವನಷ್ಟು ಹತ್ತಿರದವನು ನಮ್ಮಲ್ಲಿ ಇನ್ನೊಬ್ಬನಿಲ್ಲ. ಇವತ್ತು ಪೇಪರ್ ತೆಗೆದರೆ ದಬ್ಬಾಳಿಕೆ ಮಾಡುವ ರಾಜಕಾರಣಿಗೆಲ್ಲ ಪಾಳೇಗಾರ ಅನ್ನುತ್ತಾರೆ. ಹೋದ ತಿಂಗಳು ನಮ್ಮಲ್ಲೇ ಒಂದು ಶೀರ್ಷಿಕೆ ಹಾಗೆ ಬಂದಿತ್ತು, ಕರಡಿನಲ್ಲಿ ನಾನೇ ಕೆಂಪು ಪೆನ್ನಿಂದ ಹೊಡೆದು ಹಾಕಿದೆ. ಮದಕರಿ ನಾಯಕರ ಕೋಟೆಯ ನೆರಳಲ್ಲಿ ಬೆಳೆದ ನಿಮಗೆ ಆ ಬೈಗುಳ ಕೇಳಿ ಬೇಸರ ಆಗಲ್ವಾ? ನಿಮ್ಮ ಕಡೆಯ ಹಿರಿಯರು ಆ ಪದವನ್ನು ಯಾವ ಅರ್ಥದಲ್ಲಿ ಆಡುತ್ತಿದ್ದರು, ಕೇಳಿ ಬರೆದು ಕಳಿಸಿ. ಪೂರ್ತಿ ಪ್ರಕಟಿಸುತ್ತೇನೆ.

– ಸಂಪಾದಕ