ಕೂಡಗಿಯಲ್ಲಿ ಕಲ್ಲಿದ್ದಲಿನ ಬದಲು ಅಣು ಸ್ಥಾವರ ಇರಬಹುದಿತ್ತೇ?

ಪ್ರಶ್ನೆ: ನಮ್ಮ ಜಿಲ್ಲೆಯ ಕೂಡಗಿಯಲ್ಲಿ ಕಲ್ಲಿದ್ದಲು ಸುಟ್ಟು ವಿದ್ಯುತ್ ತಯಾರಿಸುತ್ತಾರೆ. ಅದರ ಬದಲು ಕೈಗಾದಲ್ಲಿರುವಂಥ ಅಣು ಸ್ಥಾವರವನ್ನು ಕೃಷ್ಣಾ ತೀರದಲ್ಲಿ ಕಟ್ಟಿದ್ದರೆ ಹೊಗೆಯೂ ಇರುತ್ತಿರಲಿಲ್ಲ, ಆಲಮಟ್ಟಿಯ ನೀರೂ ಉಳಿಯುತ್ತಿತ್ತಲ್ಲವೇ? ಅಥವಾ ಬಿಸಿಲು, ಗಾಳಿಯ ವಿದ್ಯುತ್ತೇ ನಮಗೆ ಸಾಕೇ?
– ಓದುಗರೊಬ್ಬರು, ಬಸವನ ಬಾಗೇವಾಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಉತ್ತರ: ಹೊಗೆಯ ಬಗ್ಗೆ ನೀವು ಹೇಳಿದ್ದು ಸರಿ, ನೀರಿನ ಬಗ್ಗೆ ಸರಿಯಲ್ಲ.

ಕೂಡಗಿಯ 800 ಮೆಗಾವ್ಯಾಟ್‌ನ ಮೂರೂ ಘಟಕಗಳು ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ದಿನವೊಂದಕ್ಕೆ 30,000 ಟನ್‌ಗೂ ಹೆಚ್ಚು ಕಲ್ಲಿದ್ದಲು ಬೇಕು. ಕೈಗಾದ 220 ಮೆಗಾವ್ಯಾಟ್ ಘಟಕವೊಂದಕ್ಕೆ ಇಡೀ ವರ್ಷಕ್ಕೆ ಬೇಕಾಗುವುದು ಹತ್ತಾರು ಟನ್ ಯುರೇನಿಯಂ ಇಂಧನ ಮಾತ್ರ. ಗಣಿಗಾರಿಕೆಯಿಂದ ಹಿಡಿದು ಸ್ಥಾವರ ಕಟ್ಟುವವರೆಗಿನ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ 2014ರ ವರದಿಯ ಪ್ರಕಾರ, ಒಂದು ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲು ಸುಮಾರು 820 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬಿಟ್ಟರೆ ಅಣುಶಕ್ತಿ 12 ಗ್ರಾಂ ಮಾತ್ರ ಬಿಡುತ್ತದೆ. ಪವನಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಇದಲ್ಲದೆ ಅಣು ಸ್ಥಾವರ ಹಗಲು ರಾತ್ರಿ ಒಂದೇ ಸಮನೆ ನಡೆಯಬಲ್ಲದು. ಕೈಗಾದ 1ನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಡೆದು ಅಂದಿನ ವಿಶ್ವ ದಾಖಲೆ ಮಾಡಿತು.

ಇನ್ನು ನೀರು. ನಮ್ಮಂಥ ಬರದ ಸೀಮೆಯವರು ಮೊದಲು ಕೇಳಬೇಕಾದದ್ದು ಇದನ್ನೇ. ಕಲ್ಲಿದ್ದಲಾಗಲಿ ಅಣುವಾಗಲಿ, ಎರಡರಲ್ಲೂ ಶಾಖದಿಂದ ಉಗಿ ಎಬ್ಬಿಸಿ ಟರ್ಬೈನ್ ತಿರುಗಿಸುತ್ತಾರೆ. ವಿದ್ಯುತ್ತಾಗದೆ ಉಳಿದ ಶಾಖವನ್ನು ನೀರಿನ ಮೂಲಕ ಹೊರಹಾಕಬೇಕು. ಕೂಡಗಿಯಂಥ ಹೊಸ ತಂತ್ರಜ್ಞಾನದ ಸ್ಥಾವರ ಶಾಖದ ಶೇ. 40ರಷ್ಟನ್ನು ವಿದ್ಯುತ್ತಾಗಿಸಿದರೆ, ಕೈಗಾ ಮಾದರಿಯ ಭಾರಜಲ ರಿಯಾಕ್ಟರ್ ಶೇ. 30ರಷ್ಟನ್ನು ಮಾತ್ರ ಆಗಿಸುತ್ತದೆ. ಕಲ್ಲಿದ್ದಲಿನ ಶಾಖದಲ್ಲಿ ಒಂದು ಪಾಲು ಚಿಮಣಿಯಿಂದ ಗಾಳಿಗೆ ಹೋಗುತ್ತದೆ. ಅಣು ಸ್ಥಾವರಕ್ಕೆ ಚಿಮಣಿಯ ಆ ದಾರಿ ಇಲ್ಲದ್ದರಿಂದ ಅದೇ ಒಂದು ಯೂನಿಟ್ಟಿಗೆ ಹೆಚ್ಚು ನೀರು ಬೇಕಾಗುತ್ತದೆ. ಕೈಗಾ ಇರುವುದು ಸಹ್ಯಾದ್ರಿಯ ಭಾರಿ ಮಳೆಯ ನಡುವೆ, ಕಾಳಿ ನದಿಯ ಕದ್ರಾ ಜಲಾಶಯದ ದಂಡೆಯ ಮೇಲೆ. ಅದೇ ಸಾಮರ್ಥ್ಯದ ಅಣು ಸ್ಥಾವರ ಇಲ್ಲಿ ಬಂದಿದ್ದರೆ ಆಲಮಟ್ಟಿಯ ಮೇಲಿನ ಹೊರೆ ಇಳಿಯುತ್ತಿರಲಿಲ್ಲ, ಏರುತ್ತಿತ್ತು.

ಚೆರ್ನೋಬಿಲ್ (1986), ಫುಕುಶಿಮಾ (2011) ಅಪಘಾತಗಳನ್ನು ಓದುಗರು ಬಲ್ಲರು. ಅಂಥವು ಅಪರೂಪ, ಆದರೆ ನಡೆದಾಗ ಊರಿಗೆ ಊರೇ ಖಾಲಿಯಾಗಬೇಕಾಗುತ್ತದೆ. ನನ್ನನ್ನು ಹೆಚ್ಚು ಕಾಡುವುದು ತ್ಯಾಜ್ಯ. ನಮ್ಮ ಹಿರಿಯರು ಹಗೇವಿನಲ್ಲಿ, ಅಂದರೆ ನೆಲದಡಿಯ ಕಣಜದಲ್ಲಿ, ಜೋಳ ತುಂಬಿಡುತ್ತಿದ್ದುದು ಮುಂದಿನ ಬರಗಾಲಕ್ಕೆಂದು. ನಾವು ಮುಂದಿನವರಿಗೆ ಬಿಟ್ಟುಹೋಗುವುದು ಈ ತ್ಯಾಜ್ಯವನ್ನು. ಬಳಸಿದ ಅಣು ಇಂಧನದಲ್ಲಿರುವ ಪ್ಲುಟೋನಿಯಂ-239 ಅರ್ಧಕ್ಕಿಳಿಯಲು 24,000 ವರ್ಷ ಬೇಕು. ಭಾರತ ಈ ಇಂಧನವನ್ನು ಮರುಸಂಸ್ಕರಿಸಿ, ಉಳಿದ ತೀವ್ರ ವಿಕಿರಣದ ತ್ಯಾಜ್ಯವನ್ನು ಗಾಜಿನಲ್ಲಿ ಹುದುಗಿಸಿಡುತ್ತದೆ; ಅದನ್ನು ಕಾಯಂ ಆಗಿ ಹೂಳುವ ಭೂಗರ್ಭ ನೆಲೆ ನಮ್ಮ ದೇಶದಲ್ಲಿ ಇನ್ನೂ ಆಗಿಲ್ಲ. ಸ್ಥಾವರ ಕಟ್ಟಲು ಹಿಡಿಯುವ ಕಾಲವೂ ದೊಡ್ಡದು: ಗುಜರಾತಿನ ಕಾಕ್ರಾಪಾರದ 3ನೇ ಘಟಕದ ಕಾಮಗಾರಿ 2010ರಲ್ಲಿ ಆರಂಭವಾಗಿ, ವಾಣಿಜ್ಯ ಉತ್ಪಾದನೆ ಶುರುವಾದದ್ದು 2023ರಲ್ಲಿ.

ಬಿಸಿಲು, ಗಾಳಿಯೇ ಸಾಕೇ ಎಂದರೆ, ಇಡೀ ರಾಜ್ಯಕ್ಕೆ ಸದ್ಯ ಸಾಲದು. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕಿಗೆ ಸುಮಾರು 13,000 ಎಕರೆ ನೆಲ ಬೇಕಾಯಿತು, ಹೊತ್ತು ಮುಳುಗಿದ ಮೇಲೆ ಅದು ವಿದ್ಯುತ್ ಕೊಡದು. ಮುಂಗಾರಿನಲ್ಲಿ ಜೋರಾಗಿ ಬೀಸುವ ಗಾಳಿ ಮೋಡದ ದಿನಗಳ ಕೊರತೆಯನ್ನು ಒಂದಿಷ್ಟು ತುಂಬುತ್ತದೆ, ಆದರೆ ರಾತ್ರಿಯ ಬೇಡಿಕೆಗೆ ಶರಾವತಿ, ಕೈಗಾಗಳಂಥ ಆಸರೆ ಬೇಕೇ ಬೇಕು. ಆದ್ದರಿಂದ ಇರುವ ಕೈಗಾವನ್ನು ಸುರಕ್ಷಿತವಾಗಿ ನಡೆಸಿಕೊಂಡು ಹೋಗುವುದಕ್ಕೆ ನನ್ನ ಒಪ್ಪಿಗೆಯಿದೆ. ಕೃಷ್ಣಾ ತೀರದಲ್ಲಿ ಹೊಸದೊಂದನ್ನು ಕಟ್ಟುವುದಕ್ಕೆ ಇಲ್ಲ. ನಮ್ಮ ಜಿಲ್ಲೆಯ ಕಬ್ಬು, ದ್ರಾಕ್ಷಿ, ನಿಂಬೆಯ ತೋಟಗಳಿಗೆ ನೀರೆತ್ತುವ ಪಂಪ್‌ಸೆಟ್ಟುಗಳಿಗಂತೂ ಹಗಲಿನ ಸೌರ ವಿದ್ಯುತ್ತೇ ಒಪ್ಪುವಂಥದ್ದು, ಏಕೆಂದರೆ ಬೆಳೆ ಬಾಯಾರುವ ಬಿಸಿಲಿನಲ್ಲೇ ಅದೂ ಹೆಚ್ಚು ಹುಟ್ಟುತ್ತದೆ, ರೈತನೂ ಹಾವು ಚೇಳುಗಳ ಭಯದಲ್ಲಿ ನಡುರಾತ್ರಿ ಮೋಟಾರು ಹಚ್ಚಲು ಹೊಲಕ್ಕೆ ಹೋಗಬೇಕಾಗುವುದಿಲ್ಲ.