ಬೋಳಾರದ ಹಂಚಿನ ಮನೆಗೆ ಅಡ್ವಾನ್ಸ್ ಕೊಡುವ ಮೊದಲು ಜುಲೈಯಲ್ಲಿ ಒಮ್ಮೆ ಬನ್ನಿ

ಮಗಳಿಗೆ ಹಂಪನಕಟ್ಟೆಯ ಯೂನಿವರ್ಸಿಟಿ ಕಾಲೇಜಿನಲ್ಲಿ ಬಿ.ಎ. ಸೀಟು ಸಿಕ್ಕಿದೆ, ದಾವಣಗೆರೆಯಿಂದ ಮನೆಮಂದಿಯೆಲ್ಲ ಮಂಗಳೂರಿಗೆ ಬರ್ತಿದ್ದೇವೆ, ಮಾರ್ಚ್‌ನಲ್ಲಿ ನೆಂಟರ ಮನೆಗೆ ಬಂದಾಗ ಬೋಳಾರದಲ್ಲಿ ನದಿ ಹತ್ತಿರ ಒಂದು ಹಳೆ ಹಂಚಿನ ಮನೆ ನೋಡಿ ಮನಸ್ಸಾಯಿತು, ಅಲ್ಲಿ ಇರಬಹುದಾ ಅಥವಾ ಫ್ಲ್ಯಾಟೇ ಒಳ್ಳೇದಾ ಅಂತ ಕೇಳಿದ್ದೀರಿ. ನಾನು ಹನ್ನೊಂದು ವರ್ಷದಿಂದ ಬೋಳಾರದಲ್ಲಿ ಅಂಥದೇ ಒಂದು ಮನೆಯಲ್ಲಿ ಬಾಡಿಗೆಗೆ ಇದ್ದೇನೆ. ಹುಟ್ಟೂರು ಚಿತ್ರದುರ್ಗದ ಕಡೆ. ಹಾಗಾಗಿ ನಿಮ್ಮ ಹಾಗೆ ಒಣನಾಡಿನಿಂದ ಬಂದವರಿಗೆ ಇಲ್ಲಿ ಏನು ಕಷ್ಟ, ಏನು ಖುಷಿ ಅಂತ ನನಗೆ ಗೊತ್ತು.

ಇರಬಹುದು. ಖಂಡಿತ ಇರಬಹುದು. ಆದರೆ ನೀವು ನೋಡಿದ್ದು ಮಾರ್ಚ್ ತಿಂಗಳ ಮನೆ. ಅದೇ ಮನೆ ಜುಲೈಯಲ್ಲಿ ಬೇರೆಯೇ ಇರುತ್ತದೆ.

ನಾವು ಬಂದದ್ದು ಜನವರಿಯಲ್ಲಿ. ಜಗಲಿ, ಕೆಂಪು ನೆಲ, ಮಾಡಿನ (ಇಲ್ಲಿ ಚಾವಣಿಗೆ ಮಾಡು ಅಂತಾರೆ) ನಡುವೆ ಎರಡು ಗಾಜಿನ ಹಂಚು, ಅದರಿಂದ ಬೀಳುವ ಬೆಳಕು. ಸಂಜೆ ಹೊಳೆ ಕಡೆಯಿಂದ ಗಾಳಿ. ಯಾರಿಗೆ ಇಷ್ಟ ಆಗೋದಿಲ್ಲ ಹೇಳಿ. ಅವತ್ತೇ ಅಡ್ವಾನ್ಸ್ ಕೊಟ್ಟೆವು. ಜೂನ್ ಮೊದಲ ವಾರ ರಾತ್ರಿ ಹನ್ನೊಂದಕ್ಕೆ ಮಳೆ ಶುರುವಾಯಿತು. ಹನ್ನೆರಡಕ್ಕೆ ಪುಸ್ತಕದ ಕಪಾಟಿನ ಮೇಲೆ ತಟ್ ತಟ್ ಅಂತ ಸದ್ದು. ಒಂದು ಗಂಟೆಗೆ ಮನೆಯಲ್ಲಿದ್ದ ಬಕೆಟು, ಪಾತ್ರೆ, ಡಬ್ಬಿ ಎಲ್ಲ ನೆಲದ ಮೇಲೆ. ಬೆಳಗಾಗುವ ತನಕ ನಾವಿಬ್ಬರೂ ಪಾತ್ರೆ ಖಾಲಿ ಮಾಡುತ್ತಾ ಕೂತಿದ್ದೆವು. ನನ್ನ ಅಪ್ಪ ಕೊಟ್ಟ ಪುಸ್ತಕಗಳಲ್ಲಿ ಅರ್ಧದಷ್ಟು ಹೋದವು. ಅದು ಇವತ್ತಿಗೂ ಬೇಜಾರು.

ಬೆಳಿಗ್ಗೆ ಪಕ್ಕದ ಮನೆಯ ಬಾಯಮ್ಮ ಬಂದು ನೋಡಿದರು. ನಾನು ಏಣಿ ಹುಡುಕುತ್ತಿದ್ದೆ. "ಅಯ್ಯೋ, ನೀವು ಮಾಡಿಗೆ ಹತ್ತಬೇಡಿ ಮಾರಾಯ್ರೆ. ಹಂಚಿನ ಮೇಲೆ ಕಾಲಿಡ್ಲಿಕ್ಕೆ ಗೊತ್ತಿರ್ಬೇಕು. ಒಂದು ಸರಿಮಾಡ್ಲಿಕ್ಕೆ ಹೋಗಿ ಹತ್ತು ಒಡೀತೀರಿ" ಅಂದರು. ಆಮೇಲೆ ಕೇಳಿದರು: "ಮೇ ತಿಂಗಳಲ್ಲಿ ಜನ ಕರೆಸಿ ಹಂಚು ನೋಡಿಸ್ಲಿಲ್ವಾ?" ಹಾಗೆ ನೋಡಿಸಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ. ಮನೆ ಮಾಲೀಕರು ಹೊರದೇಶದಲ್ಲಿದ್ದರು. ಅವರೂ ಮರೆತಿದ್ದರು.

ಇದನ್ನು ಇಷ್ಟು ಉದ್ದ ಹೇಳಲು ಕಾರಣ ಇದೆ. ಹಂಚಿನ ಮಾಡು ಅನ್ನೋದು ಒಂದು ಸಲ ಹಾಕಿ ಮರೆತುಬಿಡುವ ಸ್ಲ್ಯಾಬ್ ಅಲ್ಲ. ಕೆಳಗೆ ಪಕ್ಕಾಸು ಅನ್ನೋ ಇಳಿಜಾರು ಮರದ ತೊಲೆ, ಅದರ ಮೇಲೆ ಅಡ್ಡಡ್ಡ ರೀಪು ಅನ್ನೋ ಮರದ ಪಟ್ಟಿ, ರೀಪಿಗೆ ಸಿಕ್ಕಿಸಿದ ಹಂಚು. ಒಂದು ಹಂಚಿನ ಅಂಚು ಇನ್ನೊಂದರ ತೋಡಿನಲ್ಲಿ ಕೂತು ನೀರನ್ನು ಕೆಳಕ್ಕೆ ದಾಟಿಸುತ್ತದೆ. ಸಿಮೆಂಟ್ ಇಲ್ಲ, ಮೊಳೆ ಇಲ್ಲ. ತೆಂಗಿನ ಮಡಲು ಬಿದ್ದರೆ ಹಂಚು ಒಡೆಯುತ್ತದೆ. ಬೆಕ್ಕು ಓಡಾಡಿದರೂ ಒಂದು ಬೆರಳಷ್ಟು ಜಾರುತ್ತದೆ. ಜಾರಿದ ಕಡೆ ನೀರು ರೀಪಿಗೆ ಇಳಿಯುತ್ತದೆ, ರೀಪಿನಿಂದ ಪಕ್ಕಾಸಿಗೆ. ಒದ್ದೆ ಮರಕ್ಕೆ ಗೆದ್ದಲು. ಆಮೇಲೆ ಮಾಡೇ ನಡು ಬಗ್ಗಿಸುತ್ತದೆ. ನಮ್ಮ ಎದುರಿನ ಮನೆ ಹೀಗೇ ಹೋಯಿತು. ಅಲ್ಲಿದ್ದ ಅಜ್ಜಿ ಮಗನ ಮನೆಗೆ ಹೋದರು, ಮನೆಗೆ ಬೀಗ ಬಿತ್ತು. ಮೊದಲ ಮಳೆಗಾಲ ಕಳೆಯುವಾಗ ನಾಲ್ಕೈದು ಹಂಚು ಇರಲಿಲ್ಲ. ಎರಡನೆಯ ಮಳೆಗಾಲದಲ್ಲಿ ಒಂದು ಮೂಲೆ ಕುಸಿಯಿತು. ಎಂಬತ್ತು ವರ್ಷ ನಿಂತ ಮನೆ, ಜನ ಇಲ್ಲದೆ ಎರಡು ವರ್ಷ ನಿಲ್ಲಲಿಲ್ಲ. ಈಗ ಅಲ್ಲಿ ಐದು ಮಹಡಿ ಫ್ಲ್ಯಾಟ್ ಇದೆ.

ಹಾಗಾಗಿ ಇಂಥ ಮನೆಗೆ ಬಾಡಿಗೆದಾರರು ಅಂದರೆ ಬರೀ ದುಡ್ಡು ಕೊಡುವವರಲ್ಲ. ಆ ಮನೆ ಉಳಿಯೋದೇ ಒಳಗೆ ಒಬ್ಬರು ಇದ್ದಾರೆ, ತಲೆ ಎತ್ತಿ ಮಾಡು ನೋಡುತ್ತಾರೆ ಅನ್ನೋ ಕಾರಣಕ್ಕೆ. ನಿಮಗೆ ಅದು ಇಷ್ಟದ ಕೆಲಸ ಅನ್ನಿಸಿದರೆ ಬನ್ನಿ. ಹೊರೆ ಅನ್ನಿಸಿದರೆ ಫ್ಲ್ಯಾಟೇ ವಾಸಿ, ಅದರಲ್ಲಿ ತಪ್ಪೇನೂ ಇಲ್ಲ.

ಈ ಹಂಚಿನ ಊರು ಇದೇ ಅಂತ ನಿಮ್ಮ ಮಗಳಿಗೆ ಹೇಳಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರುಮಾಡಿದ್ದು ಇಲ್ಲೇ ಪಕ್ಕದ ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆಯ ಹತ್ತಿರ. ನದಿ ದಂಡೆಯೇ ಯಾಕೆ ಅಂದರೆ ಜೇಡಿಮಣ್ಣು ಬರುತ್ತಿದ್ದದ್ದು ನೇತ್ರಾವತಿ, ಗುರುಪುರ ಹೊಳೆಗಳ ಬದಿಯಿಂದ, ದೋಣಿಯಲ್ಲಿ. ಸುಟ್ಟ ಹಂಚು ಹೋಗುತ್ತಿದ್ದದ್ದೂ ನೀರಿನ ದಾರಿಯಲ್ಲೇ, ಹಳೆ ಬಂದರಿನಿಂದ ಹಡಗು ಹತ್ತಿ. ಆಮೇಲೆ ಜೆಪ್ಪು, ಬೋಳಾರ, ಹೊಯ್ಗೆಬಜಾರ್ ತುಂಬ ಕಾರ್ಖಾನೆಗಳಾದವು. ಆಚೀಚೆ ಮನೆಗಳಲ್ಲಿ ಹಿರಿಯರನ್ನು ಕೇಳಿದರೆ ಯಾರಾದರೊಬ್ಬರು ಹಂಚಿನ ಕಾರ್ಖಾನೆಗೆ ಹೋದವರೇ. ಕಾಂಕ್ರೀಟ್ ಬಂತು, ಮಣ್ಣು ಮತ್ತು ಸೌದೆ ದುಬಾರಿಯಾಯಿತು, ಒಂದೊಂದಾಗಿ ಮುಚ್ಚಿದವು. ಅದರ ಪರಿಣಾಮ ನಿಮ್ಮ ಮೇಲೂ ಇದೆ. ಒಡೆದ ಹಂಚಿಗೆ ಬದಲಿ ಬೇಕು ಅಂದರೆ ಅದೇ ಅಚ್ಚಿನದ್ದು ಸಿಗೋದು ಕಷ್ಟ. ಬೇರೆ ಕಾರ್ಖಾನೆಯ ಹಂಚಿನ ತೋಡು ಸರಿಯಾಗಿ ಕೂರೋದಿಲ್ಲ. ನಾವು ಎಲ್ಲಿ ಹಳೆ ಮನೆ ಕೆಡವುತ್ತಾರೆ ಅಂತ ತಿಳಿದರೂ ಹೋಗಿ ಹಂಚಿನ ಹಿಂದಿರುವ ಕಾರ್ಖಾನೆಯ ಹೆಸರು ನೋಡುತ್ತೇವೆ. ನಮ್ಮ ಹಂಚಿನ ಮೇಲಿರುವ ಹೆಸರೇ ಇದ್ದರೆ ಐವತ್ತು ಕೊಂಡು ಹಿತ್ತಲಲ್ಲಿ ಜೋಡಿಸಿಡುತ್ತೇವೆ. ನೀವು ನೋಡಿದ ಮನೆಯ ಹಿತ್ತಲಲ್ಲಿ ಹಾಗೆ ಜೋಡಿಸಿಟ್ಟ ಹಂಚು ಇದೆಯಾ ನೋಡಿ. ಇದ್ದರೆ ಮಾಲೀಕರು ಮನೆಯನ್ನು ಪ್ರೀತಿಯಿಂದ ನೋಡಿಕೊಂಡಿದ್ದಾರೆ ಅಂತಲೇ ಅರ್ಥ.

ಇನ್ನು ನದಿ. ಪೂರ್ವದಿಂದ ನೇತ್ರಾವತಿ, ಉತ್ತರದಿಂದ ಗುರುಪುರ ಹೊಳೆ, ಎರಡೂ ಅಳಿವೆ ಬಾಗಿಲಲ್ಲಿ ಸಮುದ್ರ ಸೇರುತ್ತವೆ. ನಮ್ಮ ದಂಡೆಯಿಂದ ಅಳಿವೆ ದೂರ ಇಲ್ಲ. ಹಾಗಾಗಿ ಇಲ್ಲಿ ನದಿ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಇಳಿತದ ಹೊತ್ತಿಗೆ ಮೊಣಕಾಲು ನೀರಿನಲ್ಲಿ ನಿಂತು ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಕಾಣುತ್ತಾರೆ. ಒಳನಾಡಿನವರಿಗೆ ಇದು ಹೊಸದು. ನಮ್ಮ ಕಡೆ ನದಿ ಅಂದರೆ ಒಂದೇ ಕಡೆ ಹರಿಯುವುದು, ಅದೂ ನೀರಿದ್ದರೆ. ಇಲ್ಲಿ ನೀರು ಹಿಂದಕ್ಕೂ ಬರುತ್ತದೆ ಅಂತ ನನಗೆ ಅರ್ಥ ಆಗಲು ಒಂದು ಬೇಸಿಗೆ ಬೇಕಾಯಿತು. ಮಾರ್ಚ್ ಕಳೆದು ಹೊಳೆಯ ಹರಿವು ಸೊರಗಿದ ಮೇಲೆ ಸಮುದ್ರದ ನೀರು ಒಳಗೆ ನುಗ್ಗುತ್ತದೆ. ದಂಡೆ ಹತ್ತಿರದ ಬಾವಿಗಳು ಉಪ್ಪಾಗುತ್ತವೆ. ನಮ್ಮ ಬಾವಿಯ ನೀರಿನಲ್ಲಿ ಏಪ್ರಿಲ್‌ನಲ್ಲಿ ಬೇಳೆ ಬೇಯೋದಿಲ್ಲ. ಆಗ ಕುಡಿಯಲು, ಅಡುಗೆಗೆ ಕಾರ್ಪೊರೇಷನ್ ನೀರೇ ಗತಿ. ಅದು ಬರುವುದೂ ಇದೇ ನೇತ್ರಾವತಿಯಿಂದ, ಬಂಟ್ವಾಳ ತಾಲೂಕಿನ ತುಂಬೆ ಅಣೆಕಟ್ಟಿನಿಂದ. ಮಳೆ ತಡವಾದ ವರ್ಷ ಮೇ ತಿಂಗಳಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ಮನೆಗೆ ಸಂಪು ಇದೆಯಾ, ಎಷ್ಟು ಲೀಟರಿನದ್ದು ಅಂತ ಕೇಳಿಕೊಳ್ಳಿ.

ಮಳೆ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ. ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ನೆರೆಯ ಭಯ ಇದೆಯಾ ಅಂತ ಕೇಳಿದ್ದೀರಿ. 1923ರ ನೆರೆ, 1974ರ ನೆರೆ, ಈ ಎರಡನ್ನೂ ನೇತ್ರಾವತಿ ದಂಡೆಯ ಹಳಬರು ಇವತ್ತಿಗೂ ಹೇಳುತ್ತಾರೆ. ಹೆಚ್ಚು ಪೆಟ್ಟು ತಿಂದದ್ದು ಮೇಲಿನ ಬಂಟ್ವಾಳ, ಉಪ್ಪಿನಂಗಡಿ. ನಮ್ಮಲ್ಲಿ ನದಿ ಅಗಲ, ಸಮುದ್ರ ಹತ್ತಿರ. ಆದರೆ ಘಟ್ಟದಲ್ಲಿ ಜೋರು ಮಳೆ ಬಂದು, ಅದೇ ಹೊತ್ತಿಗೆ ಸಮುದ್ರದಲ್ಲಿ ಭರತ, ಅಂದರೆ ಉಬ್ಬರ, ಇದ್ದರೆ, ನೀರು ಹೋಗಲು ಜಾಗ ಇಲ್ಲದೆ ದಂಡೆಯ ಅಂಗಳಕ್ಕೆ ಬರುತ್ತದೆ. ಅದಕ್ಕೇ ಮಳೆ ಜೋರಿದ್ದಾಗ ಇಲ್ಲಿಯವರು ಬಂಟ್ವಾಳದಲ್ಲಿ ನೀರು ಎಷ್ಟು ಅಂತ ಕೇಳುತ್ತಿರುತ್ತಾರೆ. ಅಲ್ಲಿ 8.5 ಮೀಟರ್ ಅಪಾಯದ ಮಟ್ಟ. ಎಂಟು ದಾಟಿತು ಅಂದರೆ ನಾವು ನೆಲದ ಮೇಲಿನ ಸಾಮಾನು ಎತ್ತಿಡುತ್ತೇವೆ. ನೀವು ನೋಡಿದ ಮನೆಯ ಮೆಟ್ಟಿಲು ಎಷ್ಟಿದೆ ಲೆಕ್ಕ ಹಾಕಿ. ಹಳೆ ಕಾಲದವರು ಅಡಿಪಾಯ ಎತ್ತರ ಮಾಡಿದ್ದು ಸುಮ್ನೆ ಅಲ್ಲ.

ಬೂಷ್ಟಿನ ವಿಷಯ ಜಾಸ್ತಿ ಹೇಳೋದಿಲ್ಲ. ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬರುತ್ತದೆ. ಒಗೆದ ಬಟ್ಟೆ ಮೂರು ದಿನ ಒಣಗೋದಿಲ್ಲ. ಸೊಳ್ಳೆ ಮಾತ್ರ ಗಂಭೀರ ವಿಷಯ. ಮಂಗಳೂರಿನಲ್ಲಿ ಮಲೇರಿಯಾ ಮೊದಲಿನಷ್ಟಿಲ್ಲ, ಆದರೂ ಬಾವಿಗೆ ಬಲೆ ಹಾಕಿ, ಗಪ್ಪಿ ಮೀನು ಬಿಡಿ, ಮೇಲಿನ ಟ್ಯಾಂಕಿನ ಮುಚ್ಚಳ ಸರಿಯಾಗಿ ಮುಚ್ಚಿಡಿ. ಜ್ವರ ಬಂದರೆ ಮೊದಲ ದಿನವೇ ರಕ್ತ ಪರೀಕ್ಷೆ ಮಾಡಿಸಿ.

ಮಗಳ ಓಡಾಟಕ್ಕೆ ತೊಂದರೆ ಇಲ್ಲ. ಹಂಪನಕಟ್ಟೆ ಇಲ್ಲಿಂದ ಸುಮಾರು ಮೂರು ಕಿಲೋಮೀಟರ್. ಮಂಗಳಾದೇವಿ ದೇವಸ್ಥಾನದ ಹತ್ತಿರ ಸಿಟಿ ಬಸ್ ಸಿಗುತ್ತದೆ. ಪಾಂಡೇಶ್ವರದಲ್ಲಿ ರೈಲ್ವೆ ಗೇಟು ಹಾಕಿದರೆ ಕಾಯಬೇಕು, ಅದಕ್ಕೆ ಬೆಳಿಗ್ಗೆ ಹತ್ತು ನಿಮಿಷ ಮೊದಲೇ ಹೊರಡಲಿ. ರಾತ್ರಿ ಒಂಬತ್ತರ ಮೇಲೆ ಬಸ್ ಕಡಿಮೆ. ಒಂದು ವಿಷಯ ಗೊಂದಲ ಆಗಬಾರದು. ಹಂಪನಕಟ್ಟೆಯದು ಮಂಗಳೂರು ವಿಶ್ವವಿದ್ಯಾಲಯದ ಘಟಕ ಕಾಲೇಜು. 1980ರಲ್ಲಿ ಶುರುವಾದ ವಿಶ್ವವಿದ್ಯಾಲಯದ ದೊಡ್ಡ ಕ್ಯಾಂಪಸ್ ಇರುವುದು ಕೊಣಾಜೆಯಲ್ಲಿ, ಮಂಗಳಗಂಗೋತ್ರಿ ಅಂತ. ಮುಂದೆ ಎಂ.ಎ.ಗೆ ಅಲ್ಲಿಗೆ ಹೋಗುವುದಾದರೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟು, ದೇರಳಕಟ್ಟೆ ಮೇಲೆ ಬಸ್ಸಿನಲ್ಲಿ ಹೋಗಬೇಕು. ಅದು ದಿನಾ ಒಂದು ಗಂಟೆಯ ದಾರಿ, ಹೋಗಲಿಕ್ಕೇ.

ಕನ್ನಡ ಓದುವ ಹುಡುಗಿ ಅಂತ ಬರೆದಿದ್ದೀರಿ. ಅವಳಿಗೆ ಈ ಊರು ಖಂಡಿತ ಹಿಡಿಸುತ್ತದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಬಂದದ್ದು ಇಲ್ಲಿಂದಲೇ. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ. ಆದರೂ ಬೀದಿಯಲ್ಲಿ ಅವಳಿಗೆ ಕೇಳಿಸುವುದು ಜಾಸ್ತಿ ತುಳು, ಕೊಂಕಣಿ, ಬ್ಯಾರಿ. ಕನ್ನಡ ಎಲ್ಲರಿಗೂ ಬರುತ್ತದೆ, ನಿಮ್ಮ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ನೀವು "ವನಸ್ ಆಂಡಾ?" ಅಂತ ಊಟ ಆಯ್ತಾ ಕೇಳಿ ನೋಡಿ, ಎದುರಿಗಿದ್ದವರ ಮುಖ ಅರಳುತ್ತದೆ. ನಮ್ಮ ಬೀದಿಯಲ್ಲಿ ಬೆಳಗಾಗುವುದು ಮಸೀದಿಯ ಬಾಂಗು, ಚರ್ಚಿನ ಗಂಟೆ, ಮೀನಿನವರ ಸೈಕಲ್ ಹಾರ್ನ್ ಒಂದರ ಹಿಂದೆ ಒಂದು ಕೇಳಿಸಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ದಕ್ಕೆಯಲ್ಲಿ (ಮೀನುಗಾರಿಕಾ ಬಂದರಿನಲ್ಲಿ) ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ, ಮೀನಿನ ಹಾರ್ನೂ ಅಪರೂಪ. ಮನೆಮನೆಯಲ್ಲಿ ಒಣಮೀನು ಹುರಿಯುವ ವಾಸನೆ. ಸಸ್ಯಾಹಾರಿಗಳಾದರೆ ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಬನ್ನಿ. ಇದು ಮೀನಿನ ಊರು.

ಆ ಮೊದಲ ಮಳೆಗಾಲದಲ್ಲಿ ನಮ್ಮನ್ನು ಉಳಿಸಿದ್ದು ಅಕ್ಕಪಕ್ಕದವರೇ. ಬಾಯಮ್ಮ ಹಂಚಿನ ಕೆಲಸದವರನ್ನು ಕರೆಸಿದರು. ಹಿಂದಿನ ಮನೆಯ ಅಣ್ಣ ತನ್ನ ಗೋಡೌನಿನ ಟಾರ್ಪಾಲು ತಂದು ಹೊದೆಸಿದರು. ಆಟಿ ಅನ್ನೋ ತುಳುವರ ಮಳೆಗಾಲದ ತಿಂಗಳಲ್ಲಿ ಇನ್ನೊಂದು ಮನೆಯಿಂದ ಕೆಸುವಿನ ಎಲೆಯ ಪತ್ರೊಡೆ ಬಂತು. ಹೆಸರೂ ಸರಿಯಾಗಿ ಗೊತ್ತಿಲ್ಲದವರಿಗೆ ಇಷ್ಟು ಮಾಡುತ್ತಾರಾ ಅಂತ ನನಗೆ ಅವತ್ತು ಕಣ್ಣು ತುಂಬಿತ್ತು. ಈಗ ಬೀದಿಗೆ ಯಾರಾದರೂ ಹೊಸಬರು ಬಂದರೆ ಮೇ ತಿಂಗಳಲ್ಲಿ ಅವರ ಬಾಗಿಲು ತಟ್ಟಿ "ಹಂಚು ನೋಡಿಸಿದ್ರಾ?" ಅಂತ ಕೇಳುವುದು ನನ್ನ ಕೆಲಸ.

ಈಗ ನೀವು ಮಾಡಬೇಕಾದದ್ದು. ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಅಲ್ವಾ? ಜುಲೈಯಲ್ಲಿ ಒಂದು ಜೋರು ಮಳೆಯ ದಿನ ಬನ್ನಿ. ಮಾಲೀಕರನ್ನು ಕೇಳಿ ಒಂದು ಗಂಟೆ ಆ ಮನೆಯೊಳಗೆ ಸುಮ್ಮನೆ ಕೂತುಕೊಳ್ಳಿ. ಟಾರ್ಚ್ ತನ್ನಿ, ಮಾಡಿನ ಒಳಮೈ ಪೂರ್ತಿ ನೋಡಿ. ಗೋಡೆಯ ಮೇಲೆ ಕೂರುವ ಪಕ್ಕಾಸಿನ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮರ ಗಟ್ಟಿ ಇದ್ದರೆ ಸರಿ, ಹುಡಿ ಉದುರಿದರೆ ಆ ಮನೆ ಬೇಡ. ವರ್ಷಕ್ಕೊಮ್ಮೆ ಹಂಚು ನೋಡಿಸುವ ಖರ್ಚು ಯಾರದ್ದು ಅಂತ ಕರಾರಿನಲ್ಲೇ ಬರೆಸಿ. ನಮ್ಮ ಕರಾರಿನಲ್ಲಿ ಕೂಲಿ ಮಾಲೀಕರದ್ದು, ಕರೆಸಿ ನಿಂತು ಮಾಡಿಸುವ ಜವಾಬ್ದಾರಿ ನಮ್ಮದು.

ಬರುವ ದಿನ ಇಲ್ಲಿ ಒಂದು ಮೆಸೇಜ್ ಹಾಕಿ. ನಾನೂ ಬಂದು ಮಾಡು ನೋಡುತ್ತೇನೆ. ಹಂಚಿನ ಕೆಲಸ ಬಲ್ಲವರು ಈಗ ಬೋಳಾರದಲ್ಲಿ ಇಬ್ಬರೇ ಉಳಿದಿದ್ದಾರೆ. ಅವರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಬರುತ್ತೇನೆ.